ಮಾತು ನಿಂತವರ ಅರಿವು ನಿಂತಿಲ್ಲ

ಶ್ರೀಮಠದ ಪ್ರವಚನಕ್ಕೆ, ಅಮಾವಾಸ್ಯೆಯ ದರ್ಶನಕ್ಕೆ, ಜಾತ್ರೆಯ ದಾಸೋಹಕ್ಕೆ ಬರುವ ಕುಟುಂಬಗಳ ನಡುವೆ ಒಂದು ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಮನೆಯ ಹಿರಿಯರೊಬ್ಬರು ಗಾಲಿಕುರ್ಚಿಯಲ್ಲಿಯೋ ಗೋಡೆಗೆ ಒರಗಿಯೋ ಕುಳಿತಿರುತ್ತಾರೆ. ಹಣೆಯ ಮೇಲೆ ವಿಭೂತಿ, ಮಡಿಲಲ್ಲಿ ಸ್ವಾಧೀನವಿಲ್ಲದ ಬಲಗೈ. ಒಂದು ಕಾಲದಲ್ಲಿ ಊರಿನ ನ್ಯಾಯ ಬಗೆಹರಿಸುವಾಗ ಅವರ ಮಾತಿಗೆ ತೂಕವಿತ್ತು. ಈಗ ಪರಿಚಿತರೊಬ್ಬರು ಹತ್ತಿರ ಹೋಗಿ ‘ಶರಣ್ರೀ ಅಜ್ಜಾರ, ಆರಾಮ ಅದೀರೇನ್ರಿ?’ ಎಂದು ಕೇಳಿದರೆ, ಅವರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದವರು ಉತ್ತರಿಸುತ್ತಾರೆ: ‘ಲಕ್ವಾ ಹೊಡದೈತ್ರಿ, ಮಾತು ಹೋಗೈತಿ. ಅವರಿಗೆ ಏನೂ ತಿಳಿಯೂದಿಲ್ರಿ.’ ಹಿರಿಯರ ದೃಷ್ಟಿ ಒಂದು ಕ್ಷಣ ಆ ಮಾತನಾಡಿದವರತ್ತ ಹೊರಳಿ, ಬಳಿಕ ನೆಲದ ಕಡೆಗೆ ಇಳಿಯುತ್ತದೆ.

‘ಏನೂ ತಿಳಿಯುವುದಿಲ್ಲ’ ಎಂಬ ಆ ಮಾತಿನ ಸತ್ಯಾಸತ್ಯತೆಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ನುಡಿಯ ಶಕ್ತಿ ಕುಂದುತ್ತದೆ. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ನಾವು ನುಡಿನಷ್ಟ ಎಂದು ಕರೆಯೋಣ. ನಾಲಗೆ ತುಟಿಗಳ ಬಲ ಕುಗ್ಗಿ ಮಾತು ತೊದಲುವುದು ಬೇರೆ, ನುಡಿನಷ್ಟ ಬೇರೆ. ನುಡಿನಷ್ಟದಲ್ಲಿ ಹೇಳಬೇಕಾದ ವಿಷಯ ಮನಸ್ಸಿನಲ್ಲಿ ಇದ್ದರೂ ಅದಕ್ಕೆ ತಕ್ಕ ಪದ ಒದಗುವುದಿಲ್ಲ, ಪದಗಳನ್ನು ವಾಕ್ಯವಾಗಿ ಹೆಣೆಯಲಾಗುವುದಿಲ್ಲ. ಕೆಲವರಿಗೆ ಪರರ ಮಾತನ್ನು ಗ್ರಹಿಸುವುದೂ ಕಷ್ಟವಾಗುತ್ತದೆ. ಭಾಷೆ, ಮನಸ್ಸು ಮತ್ತು ಸಾಮಾಜಿಕ ನಡವಳಿಕೆಗಳು ಮಿದುಳಿನಲ್ಲಿ ಹೇಗೆ ನೆಲೆಗೊಂಡಿವೆ ಎಂಬುದನ್ನು ಅರಿಯಲು ಯತ್ನಿಸುವ ಅರಿವಿನ ನರವಿಜ್ಞಾನವು ಈ ಸ್ಥಿತಿಯನ್ನು ನೂರಾರವತ್ತು ವರ್ಷಗಳಿಂದ ಅಭ್ಯಾಸ ಮಾಡುತ್ತ ಬಂದಿದೆ. ಅದು ಕಂಡುಕೊಂಡ ಸತ್ಯವನ್ನು ನಮ್ಮ ಮನೆಗಳು ಇನ್ನೂ ಕಂಡುಕೊಂಡಿಲ್ಲ. ಮಾತು ನಿಂತವರನ್ನು ಅರಿವು ಅಳಿದವರೆಂದು ಭಾವಿಸಿ ನಡೆದುಕೊಳ್ಳುವುದು ವಿಜ್ಞಾನದ ದೃಷ್ಟಿಯಿಂದ ತಪ್ಪು, ಶರಣ ಸಂಸ್ಕೃತಿಯ ದೃಷ್ಟಿಯಿಂದ ಅದಕ್ಕಿಂತಲೂ ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಪ್ಪತ್ತೊಂದು ಎಂದು ಬೆರಳಿನಲ್ಲಿ ಹೇಳಿದವನು

೧೮೬೧ರ ಏಪ್ರಿಲ್ ತಿಂಗಳು. ಪ್ಯಾರಿಸ್ ನಗರದ ಹೊರವಲಯದ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯನ ಬಳಿಗೆ ಲೆಬೋರ್ನ್ ಎಂಬ ೫೧ ವರ್ಷದ ರೋಗಿಯನ್ನು ಕರೆತಂದರು. ಅನೇಕ ವರ್ಷಗಳಿಂದ ಆತನ ಬಾಯಿಂದ ಹೊರಡುತ್ತಿದ್ದುದು ‘ತಾನ್’ ಎಂಬ ಒಂದೇ ಉಲಿ. ಏನು ಕೇಳಿದರೂ ‘ತಾನ್ ತಾನ್’ ಎಂಬುದೇ ಉತ್ತರ. ಹೀಗಾಗಿ ಆಸ್ಪತ್ರೆಯಲ್ಲಿ ಆತನಿಗೆ ಅದೇ ಹೆಸರು ಬಿದ್ದಿತ್ತು. ಬ್ರೋಕಾ ಆತನನ್ನು, ‘ಈ ಆಸ್ಪತ್ರೆಯಲ್ಲಿ ಎಷ್ಟು ವರ್ಷಗಳಿಂದ ಇರುವೆ?’ ಎಂದು ಕೇಳಿದನು. ಲೆಬೋರ್ನ್ ತನ್ನ ಎಡಗೈಯ ಐದು ಬೆರಳುಗಳನ್ನು ನಾಲ್ಕು ಬಾರಿ ಬಿಡಿಸಿ ತೋರಿಸಿ, ಕೊನೆಗೆ ಒಂದು ಬೆರಳನ್ನು ಎತ್ತಿದನು. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು.

ಕೆಲವೇ ದಿನಗಳಲ್ಲಿ ಆತ ತೀರಿಕೊಂಡನು. ಬ್ರೋಕಾ ಆತನ ಮಿದುಳನ್ನು ಪರೀಕ್ಷಿಸಿದಾಗ ಎಡಭಾಗದ ಮುಂಬದಿಯಲ್ಲಿ ಹಾನಿಯಾಗಿರುವುದು ಕಂಡಿತು. ನುಡಿಯ ಉಚ್ಚಾರಕ್ಕೂ ಮಿದುಳಿನ ನಿರ್ದಿಷ್ಟ ಭಾಗಕ್ಕೂ ಸಂಬಂಧವುಂಟೆಂಬ ಮಾತಿಗೆ ಅಂದಿನಿಂದ ಬಲವಾದ ಆಧಾರ ದೊರೆಯಿತು. ೧೮೭೪ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯ ರೋಗಿಗಳನ್ನು ವರ್ಣಿಸಿದನು. ಅವರ ಮಾತು ನಿರರ್ಗಳವಾಗಿ ಹರಿಯುತ್ತದೆ, ಆದರೆ ಪದಗಳು ಅದಲುಬದಲಾಗಿ ಅರ್ಥ ಕೂಡುವುದಿಲ್ಲ. ಪರರ ಮಾತನ್ನು ಗ್ರಹಿಸುವುದೂ ಕಷ್ಟ. ಅವರಲ್ಲಿ ಹಾನಿ ಆಗಿದ್ದುದು ಎಡ ಮಿದುಳಿನ ಹಿಂಬದಿಗೆ, ಕಿವಿಯ ಮೇಲ್ಭಾಗದ ಆಸುಪಾಸಿನಲ್ಲಿ. ಲೆಬೋರ್ನನ ಮಿದುಳನ್ನು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇರಿಸಲಾಗಿತ್ತು. ೨೦೦೭ರಲ್ಲಿ ವಿಜ್ಞಾನಿಗಳು ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿದಾಗ, ಹಾನಿಯು ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ ಇಳಿದಿರುವುದು ತಿಳಿಯಿತು. ನುಡಿಯು ಒಂದೇ ಬಿಂದುವಿನಲ್ಲಿ ನೆಲೆಸಿಲ್ಲ. ಹಲವು ಭಾಗಗಳನ್ನು ಬೆಸೆಯುವ ನರತಂತುಗಳ ಜಾಲದಲ್ಲಿ ನೆಲೆಸಿದೆ ಎಂಬುದು ಇಂದಿನ ತಿಳಿವು.

ವೈದ್ಯಶಾಸ್ತ್ರದ ಇತಿಹಾಸವು ಲೆಬೋರ್ನನನ್ನು ಅವನ ಮಿದುಳಿಗಾಗಿ ನೆನೆಯುತ್ತದೆ. ನಾವು ಅವನ ಬೆರಳುಗಳನ್ನು ನೆನೆಯಬೇಕು. ಇಪ್ಪತ್ತೊಂದು ವರ್ಷಗಳನ್ನು ಎಣಿಸಿಟ್ಟುಕೊಂಡಿದ್ದ, ಕೇಳಿದ ಪ್ರಶ್ನೆಯನ್ನು ಗ್ರಹಿಸಿದ, ನಾಲಗೆಯಿಂದ ಆಗದ್ದನ್ನು ಕೈಯಿಂದ ತಿಳಿಸಿದ ಒಂದು ಮನಸ್ಸು ಅಲ್ಲಿ ಎಚ್ಚರವಾಗಿಯೇ ಇತ್ತು. ತನ್ನ ಸನ್ನೆಗಳು ಎದುರಿನವರಿಗೆ ತಿಳಿಯದಿದ್ದಾಗ ಆತ ಸಿಟ್ಟಿಗೇಳುತ್ತಿದ್ದನೆಂದೂ ಬ್ರೋಕಾ ದಾಖಲಿಸಿದ್ದಾನೆ. ನಮ್ಮ ಮನೆಗಳಲ್ಲಿಯೂ ಲಕ್ವಾ ಆದ ಹಿರಿಯರು ತಟ್ಟೆ ದೂಡಿದಾಗ, ಗದರಿದಾಗ ‘ಬುದ್ಧಿ ಕೆಟ್ಟಿದೆ’ ಎನ್ನುತ್ತೇವೆ. ಅದು ಬುದ್ಧಿ ಕೆಡದಿರುವುದರ ಲಕ್ಷಣವೂ ಆಗಿರಬಹುದು.

ನುಡಿಯೂ ಚಿಂತನೆಯೂ ಒಂದೇ ಅಲ್ಲ

ಮಾತಿಲ್ಲದೆ ವಿಚಾರ ಸಾಧ್ಯವೇ ಎಂಬುದು ಹಳೆಯ ಪ್ರಶ್ನೆ. ಮನಸ್ಸಿನೊಳಗೆ ನಾವು ನಮ್ಮೊಡನೆಯೇ ಮಾತನಾಡಿಕೊಳ್ಳುವುದರಿಂದ, ಭಾಷೆಯೇ ಚಿಂತನೆ ಎಂದು ಸಹಜವಾಗಿ ಅನ್ನಿಸುತ್ತದೆ. ಕಳೆದ ಎರಡು ಮೂರು ದಶಕಗಳ ಸಂಶೋಧನೆ ಈ ಅನಿಸಿಕೆಯನ್ನು ಬಲವಾಗಿ ಪ್ರಶ್ನಿಸಿದೆ.

ಇಂಗ್ಲೆಂಡಿನ ರೋಸ್‌ಮರಿ ವಾರ್ಲಿ ಮತ್ತು ಸಂಗಡಿಗರು ೨೦೦೫ರಲ್ಲಿ ತೀವ್ರ ನುಡಿನಷ್ಟವಿದ್ದ ಮೂವರನ್ನು ಪರೀಕ್ಷಿಸಿದರು. ‘ಮನುಷ್ಯ ಸಿಂಹವನ್ನು ಕೊಂದ’, ‘ಸಿಂಹ ಮನುಷ್ಯನನ್ನು ಕೊಂದಿತು’ ಎಂಬಂತಹ ವಾಕ್ಯಗಳಲ್ಲಿ ಕೊಂದವರು ಯಾರು, ಸತ್ತವರು ಯಾರು ಎಂಬುದನ್ನು ಅವರು ಬಿಡಿಸಿಕೊಳ್ಳಲಾರರು. ಆದರೆ ೫೯ರಿಂದ ೧೩ನ್ನು ಕಳೆಯುವುದಕ್ಕೂ ೧೩ರಿಂದ ೫೯ನ್ನು ಕಳೆಯುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಸ್ಪಷ್ಟವಾಗಿತ್ತು. ಆವರಣ ಚಿಹ್ನೆಗಳಿರುವ ಲೆಕ್ಕಗಳನ್ನೂ ಬಿಡಿಸಿದರು. ವಾಕ್ಯದ ವ್ಯಾಕರಣ ಕೆಟ್ಟಿದ್ದರೂ ಗಣಿತದ ವ್ಯಾಕರಣ ಉಳಿದಿತ್ತು. ಆರೋಗ್ಯವಂತರ ಮಿದುಳನ್ನು ಎಂಆರ್‌ಐ ಮೂಲಕ ನೋಡಿದಾಗಲೂ ಇದೇ ಚಿತ್ರ. ಅಮೆರಿಕದ ಎಂಐಟಿಯಲ್ಲಿ ಎವೆಲಿನಾ ಫೆಡೊರೆಂಕೊ ಮತ್ತು ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾಕ್ಯಗಳನ್ನು ಓದುವಾಗ ಚುರುಕಾಗುವ ಭಾಗಗಳು ಲೆಕ್ಕ ಮಾಡುವಾಗ, ಸಂಗೀತ ಆಲಿಸುವಾಗ ಬಹುಮಟ್ಟಿಗೆ ಸುಮ್ಮನಿರುತ್ತವೆ. ೧೨ ಭಾಷಾಕುಟುಂಬಗಳಿಗೆ ಸೇರಿದ ೪೫ ಭಾಷೆಗಳ ಜನರಲ್ಲಿಯೂ ನುಡಿಯ ಜಾಲವು ಬಹುತೇಕ ಒಂದೇ ರೀತಿಯಲ್ಲಿ ನೆಲೆಗೊಂಡಿರುವುದನ್ನು ೨೦೨೨ರಲ್ಲಿ ಅವರ ತಂಡ ತೋರಿಸಿತು. ಭಾಷೆಯು ಮುಖ್ಯವಾಗಿ ಸಂವಹನದ ಸಾಧನ, ಚಿಂತನೆಗೆ ಅದು ಅನಿವಾರ್ಯವಲ್ಲ ಎಂಬ ವಾದವನ್ನು ಫೆಡೊರೆಂಕೊ ಮತ್ತಿಬ್ಬರು ವಿಜ್ಞಾನಿಗಳು ೨೦೨೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಂಡಿಸಿದ್ದಾರೆ.

ಸಂಗೀತಕಾರರೊಬ್ಬರ ಬದುಕು ಇದಕ್ಕೆ ಜೀವಂತ ನಿದರ್ಶನ. ರಷ್ಯಾದ ವಿಸ್ಸಾರಿಯೋನ್ ಶೆಬಾಲಿನ್ ಎಂಬ ಸಂಗೀತ ರಚನಕಾರರಿಗೆ ೧೯೫೩ರಲ್ಲಿ ಮತ್ತು ೧೯೫೯ರಲ್ಲಿ ಪಾರ್ಶ್ವವಾಯು ಬಡಿಯಿತು. ಮಾತನಾಡುವುದೂ ಮಾತನ್ನು ಗ್ರಹಿಸುವುದೂ ಅವರಿಗೆ ಬಹು ಕಷ್ಟವಾಯಿತು. ಆದರೂ ೧೯೬೩ರಲ್ಲಿ ತೀರಿಕೊಳ್ಳುವವರೆಗೆ ಅವರು ಸಂಗೀತ ರಚಿಸುತ್ತಲೇ ಇದ್ದರು; ತಮ್ಮ ಐದನೆಯ ಸಿಂಫನಿಯನ್ನು ಈ ಸ್ಥಿತಿಯಲ್ಲಿಯೇ ಮುಗಿಸಿದರು. ಅವರನ್ನು ಪರೀಕ್ಷಿಸಿದ ಖ್ಯಾತ ನರಮನೋವಿಜ್ಞಾನಿ ಲೂರಿಯಾ ಈ ಸಂಗತಿಯನ್ನು ಸವಿವರವಾಗಿ ದಾಖಲಿಸಿದ್ದಾರೆ.

ನಮ್ಮ ನೆಲದ ಒಂದು ಅಧ್ಯಯನವೂ ಇಲ್ಲಿ ಉಲ್ಲೇಖನೀಯ. ಹೈದರಾಬಾದಿನಲ್ಲಿ ಪಾರ್ಶ್ವವಾಯುವಿಗೆ ಒಳಗಾದ ೬೦೮ ಮಂದಿಯನ್ನು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಭ್ಯಸಿಸಿ ೨೦೧೬ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಶೇಕಡ ೪೦.೫ ಮಂದಿಯ ಬೌದ್ಧಿಕ ಶಕ್ತಿ ಸಹಜವಾಗಿ ಉಳಿದಿತ್ತು. ಒಂದೇ ಭಾಷೆ ಬಲ್ಲವರಲ್ಲಿ ಹೀಗೆ ಉಳಿದಿದ್ದುದು ಶೇಕಡ ೧೯.೬ ಮಂದಿಯಲ್ಲಿ. ಆದರೆ ನುಡಿನಷ್ಟದ ಪ್ರಮಾಣದಲ್ಲಿ ಈ ಎರಡು ಗುಂಪುಗಳ ನಡುವೆ ಗಮನಾರ್ಹ ಅಂತರವಿರಲಿಲ್ಲ. ಬುದ್ಧಿಯ ಹಾನಿ ಮತ್ತು ನುಡಿಯ ಹಾನಿ ಒಂದೇ ದಾರಿಯಲ್ಲಿ ಸಾಗುವುದಿಲ್ಲ ಎಂಬುದಕ್ಕೆ ಇದೂ ಸಾಕ್ಷಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿಯೋ ಉರ್ದುವೋ ಬಳಸುತ್ತ ಬಂದ ನಮ್ಮ ಗಡಿನಾಡಿನ ಹಿರಿಯರ ಮಟ್ಟಿಗೆ ಇದು ಧೈರ್ಯ ತರುವ ವಿಷಯ.

ಎದುರಿನವರ ಮನಸ್ಸನ್ನು ಓದುವ ಶಕ್ತಿ

ಸಮಾಜದಲ್ಲಿ ಬದುಕಲು ಮಾತು ಬಲ್ಲುದಷ್ಟೇ ಸಾಲದು. ಎದುರಿನವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಊಹಿಸಬಲ್ಲ ಶಕ್ತಿಯೂ ಬೇಕು. ‘ಅವರಿಗೆ ಈ ಸಂಗತಿ ಗೊತ್ತಿಲ್ಲ’, ‘ಅವರು ತಪ್ಪು ತಿಳಿದಿದ್ದಾರೆ’ ಎಂಬ ತಿಳಿವಳಿಕೆ ಮಕ್ಕಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಸುಮಾರಿಗೆ ಸ್ಪಷ್ಟವಾಗಿ ಮೂಡುತ್ತದೆ. ಈ ಕಾರ್ಯದಲ್ಲಿ ವಿಶೇಷವಾಗಿ ತೊಡಗುವ ಮಿದುಳಿನ ಭಾಗವೊಂದನ್ನು ರೆಬೆಕಾ ಸ್ಯಾಕ್ಸ್ ಮತ್ತು ನ್ಯಾನ್ಸಿ ಕ್ಯಾನ್‌ವಿಷರ್ ೨೦೦೩ರಲ್ಲಿ ಗುರುತಿಸಿದರು. ಅದು ಕಿವಿಯ ಹಿಂಭಾಗದ ಮೇಲ್ಬದಿಯಲ್ಲಿದೆ. ಬಲ ಮಿದುಳಿನಲ್ಲಿ ಅದರ ಪಾತ್ರ ಎದ್ದು ಕಾಣುತ್ತದೆ. ನುಡಿಯ ಜಾಲವಾದರೋ ಬಹುಪಾಲು ಜನರಲ್ಲಿ ಎಡ ಮಿದುಳಿನಲ್ಲಿದೆ. ಆದ್ದರಿಂದ ಎಡ ಮಿದುಳಿಗೆ ಪೆಟ್ಟು ಬಿದ್ದು ಮಾತು ಹೋದರೂ ಪರರ ಮನವರಿಯುವ ಶಕ್ತಿ ಉಳಿಯಬಲ್ಲದು. ವ್ಯಾಕರಣಬದ್ಧ ವಾಕ್ಯವನ್ನು ಆಡಲೂ ಗ್ರಹಿಸಲೂ ಆಗದಿದ್ದ ರೋಗಿಯೊಬ್ಬರು, ಪೆಟ್ಟಿಗೆಯ ಒಳಗಿನ ವಸ್ತು ಬದಲಾದುದನ್ನು ಕಾಣದವರು ಅದರೊಳಗೆ ಏನಿದೆ ಎಂದುಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸೂಚಿಸಿದ್ದನ್ನು ವಾರ್ಲಿ ಅವರೇ ೨೦೦೦ದಲ್ಲಿ ವರದಿ ಮಾಡಿದ್ದರು.

ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಸೋಜಿಗದ ಫಲಿತಾಂಶ ಪ್ರಕಟವಾಯಿತು. ಕೆಲವರು ತಮ್ಮ ಭಾವನೆಯ ಬಗ್ಗೆ ಸತ್ಯವನ್ನೂ ಕೆಲವೊಮ್ಮೆ ಸುಳ್ಳನ್ನೂ ಹೇಳುವ ದೃಶ್ಯಗಳನ್ನು ನ್ಯಾನ್ಸಿ ಎಟ್‌ಕಾಫ್ ಮತ್ತು ಸಂಗಡಿಗರು ಬೇರೆಬೇರೆ ಗುಂಪಿನವರಿಗೆ ತೋರಿಸಿದರು. ಸುಳ್ಳನ್ನು ಎಲ್ಲರಿಗಿಂತ ಚೆನ್ನಾಗಿ ಪತ್ತೆ ಹಚ್ಚಿದವರು ನುಡಿನಷ್ಟವಿದ್ದವರೇ. ಮಾತಿನ ಬಲೆಯಲ್ಲಿ ಸಿಲುಕದ ಅವರ ಕಣ್ಣು ಮುಖದ ಸೂಕ್ಷ್ಮ ಬದಲಾವಣೆಗಳನ್ನು ಹಿಡಿದಿತ್ತು. ಹಾಸಿಗೆಯ ಪಕ್ಕ ನಿಂತು ತೋರಿಕೆಯ ನಗೆ ನಕ್ಕು, ಹಿಂದಿರುಗುವಾಗ ಬೇಸರದ ಉಸಿರು ಬಿಡುವ ನಾವು ಈ ಸಂಗತಿಯನ್ನು ನೆನಪಿಡಬೇಕು. ನಮ್ಮ ಮಾತು ಅವರಿಗೆ ತಲುಪದೆ ಹೋಗಬಹುದು, ನಮ್ಮ ಮನಸ್ಸು ತಲುಪುತ್ತದೆ.

ಹಾಡು ಬರುತ್ತದೆ, ನೀರು ಎನ್ನಲು ಬಾರದು

ಅನೇಕ ಮನೆಗಳಲ್ಲಿ ತಪ್ಪು ತಿಳಿವಳಿಕೆಗೆ ಎಡೆಮಾಡುವ ಒಂದು ವಿಚಿತ್ರ ಸಂಗತಿಯನ್ನು ಇಲ್ಲಿ ವಿವರಿಸಬೇಕು. ಬಾಯಾರಿದಾಗ ‘ನೀರು’ ಎನ್ನಲಾಗದ ಹಿರಿಯರು, ಸಾಮೂಹಿಕ ವಚನ ಗಾಯನ ಆರಂಭವಾದೊಡನೆ ಜೊತೆಗೂಡಿ ಹಾಡಬಲ್ಲರು. ಪಂಚಾಕ್ಷರಿ ಮಂತ್ರ ಸ್ಪಷ್ಟವಾಗಿ ಹೊರಡಬಹುದು. ಒಂದರಿಂದ ಹತ್ತರವರೆಗೆ ಎಣಿಸಬಹುದು, ವಾರಗಳ ಹೆಸರನ್ನು ಸಾಲಾಗಿ ಹೇಳಬಹುದು. ಆಗ ಮನೆಯವರಿಗೆ ಸಂಶಯ: ‘ಹಾಡಲು ಬರುವ ಬಾಯಿಗೆ ಮಾತು ಬಾರದೇ? ಬೇಕೆಂದೇ ಮಾತನಾಡುತ್ತಿಲ್ಲ.’ ಹೀಗೆ ಮೊದಲ ತಪ್ಪಿನ ಮೇಲೆ ಎರಡನೆಯ ತಪ್ಪು ಸೇರುತ್ತದೆ.

ಕಾರಣ ಮಿದುಳಿನ ಕಾರ್ಯವಿಧಾನದಲ್ಲಿದೆ. ಹೊಸದಾಗಿ ಪದ ಹುಡುಕಿ ವಾಕ್ಯ ಕಟ್ಟುವ ಕೆಲಸ ಒಂದು ಬಗೆ. ಸಾವಿರಾರು ಬಾರಿ ಪಠಿಸಿ ಮೈಗೂಡಿದ ನುಡಿ ತಾನಾಗಿ ಹರಿಯುವುದು ಇನ್ನೊಂದು ಬಗೆ. ಈ ಭೇದವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ನರವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಗುರುತಿಸಿದ್ದನು. ‘ತಾನ್’ ಎಂಬುದಷ್ಟೇ ಬರುತ್ತಿದ್ದ ಲೆಬೋರ್ನನ ಬಾಯಿಂದಲೂ ಕಡುಕೋಪದಲ್ಲಿ ಒಂದು ಬಯ್ಗುಳ ಹೊರಡುತ್ತಿತ್ತು. ಮೈಗೂಡಿದ ನುಡಿಗೆ ಮತ್ತು ಸ್ವರ ತಾಳಗಳಿಗೆ ಮಿದುಳಿನ ಬೇರೆ ಭಾಗಗಳೂ ನೆರವಾಗುತ್ತವೆ. ಈ ತತ್ತ್ವವನ್ನೇ ಆಧರಿಸಿ ೧೯೭೩ರಲ್ಲಿ ಅಮೆರಿಕದ ಬಾಸ್ಟನ್ ನಗರದ ತಜ್ಞರು ರಾಗದ ಏರಿಳಿತದ ಮೂಲಕ ಮಾತನ್ನು ಮರಳಿ ಕಲಿಸುವ ಚಿಕಿತ್ಸಾಕ್ರಮವೊಂದನ್ನು ರೂಪಿಸಿದರು. ಎಡಗೈಯಿಂದ ತಾಳ ಹಾಕುತ್ತ, ದಿನಬಳಕೆಯ ಚಿಕ್ಕ ಮಾತುಗಳನ್ನು ರಾಗವಾಗಿ ನುಡಿಸಿ, ನಿಧಾನವಾಗಿ ರಾಗವನ್ನು ಕಡಿಮೆ ಮಾಡುತ್ತ ಹೋಗುವುದು ಅದರ ರೀತಿ. ಎಲ್ಲರಿಗೂ ಇದು ಫಲಿಸದು. ಅರ್ಥಗ್ರಹಣ ಉಳಿದು ಉಚ್ಚಾರವಷ್ಟೇ ಕೆಟ್ಟವರಲ್ಲಿ ಹೆಚ್ಚು ಉಪಯುಕ್ತ. ಆದ್ದರಿಂದ ಹಾಡಬಲ್ಲ ಹಿರಿಯರ ಮೇಲೆ ಸಂಶಯ ಪಡಬಾರದು, ಹಾಡನ್ನು ನಿಲ್ಲಿಸಲೂಬಾರದು. ಹಾಡಿನಲ್ಲಿ ಅವರು ಸಭೆಯೊಳಗೆ ಮತ್ತೆ ಒಬ್ಬರಾಗುತ್ತಾರೆ.

ನಾವು ನಡೆಸುವ ಅನ್ಯಾಯ

ಈಗ ನಮ್ಮ ನಡೆಯನ್ನು ನೋಡಿಕೊಳ್ಳೋಣ. ಮಾತು ನಿಂತ ಹಿರಿಯರ ಎದುರಿನಲ್ಲಿಯೇ ಅವರ ಔಷಧದ ಖರ್ಚನ್ನು, ಉಳಿದ ಆಯುಷ್ಯವನ್ನು ಚರ್ಚಿಸುತ್ತೇವೆ. ಮೊಮ್ಮಗಳ ನಿಶ್ಚಿತಾರ್ಥ ಅವರನ್ನು ಕೇಳದೆ ನಡೆದುಹೋಗುತ್ತದೆ. ಹೊಲದ ಪಾಲುಪಟ್ಟಿಯ ಕಾಗದದ ಮೇಲೆ ಅವರ ಹೆಬ್ಬೆರಳನ್ನು ಹಿಡಿದು ಒತ್ತಿಸಿಕೊಳ್ಳುತ್ತೇವೆ. ಬಂದವರು ಅವರನ್ನು ಬಿಟ್ಟು ಮನೆಯವರೊಡನೆ ಮಾತನಾಡಿ ಎದ್ದುಹೋಗುತ್ತಾರೆ. ಕೆಲವು ತಿಂಗಳಲ್ಲಿ ಬರುವವರೂ ಕಡಿಮೆಯಾಗುತ್ತಾರೆ.

ಗುಂಪಿನಿಂದ ದೂರವಾಗುವ ಯಾತನೆಯನ್ನೂ ನರವಿಜ್ಞಾನ ಪರೀಕ್ಷಿಸಿದೆ. ೨೦೦೩ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು, ಮೂವರು ಆಡುವ ಚೆಂಡಿನ ಗಣಕಯಂತ್ರದ ಆಟದಲ್ಲಿ ಒಬ್ಬರಿಗೆ ಚೆಂಡು ಬಾರದಂತೆ ಮಾಡಿ ಅವರ ಮಿದುಳನ್ನು ಗಮನಿಸಿದರು. ದೇಹದ ನೋವಿನ ಸಂಕಟದಲ್ಲಿ ತೊಡಗುವ ಭಾಗವೊಂದು ಆಗಲೂ ಚುರುಕಾಯಿತು. ಎರಡೂ ನೋವು ಒಂದೇ ಎನ್ನಬಹುದೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಮುಂದುವರಿದಿದೆ. ಆದರೆ ಪಾರ್ಶ್ವವಾಯುವಿನ ಬಳಿಕ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆಂಬುದು, ನುಡಿನಷ್ಟವಿದ್ದವರಲ್ಲಿ ಅದರ ಸಂಭವ ಇನ್ನೂ ಹೆಚ್ಚೆಂಬುದು ವೈದ್ಯಲೋಕ ಒಪ್ಪಿದ ಸಂಗತಿ. ಖಿನ್ನರಾದವರು ವ್ಯಾಯಾಮಕ್ಕೆ ಏಳುವುದಿಲ್ಲ, ಊಟ ಬಿಡುತ್ತಾರೆ, ಚೇತರಿಕೆ ಕುಂಟುತ್ತದೆ. ರೋಗ ಕಸಿದುಕೊಂಡದ್ದು ನುಡಿಯನ್ನು. ಬಂಧುಬಳಗವನ್ನು ಕಸಿದುಕೊಳ್ಳುತ್ತಿರುವವರು ನಾವು.

ನುಡಿಗೆ ಇಷ್ಟೊಂದು ಬೆಲೆ ಕೊಟ್ಟ ಪರಂಪರೆ ನಮ್ಮದು. ಹನ್ನೆರಡನೆಯ ಶತಮಾನದಲ್ಲಿ ಶರಣರು ಆಡುನುಡಿಯಲ್ಲಿಯೇ ಅನುಭಾವವನ್ನು ಹೇಳಿದರು. ಸಮಾಜ ಮಾತನಾಡಗೊಡದ ಮಂದಿಗೆ ಅನುಭವ ಮಂಟಪದಲ್ಲಿ ಮಾತಿನ ಅವಕಾಶ ದೊರೆಯಿತೆಂಬುದು ನಮ್ಮ ಹೆಮ್ಮೆ. ಅದೇ ಶರಣರು ನುಡಿಗೆ ನಿಲುಕದ ನೆಲೆಯೊಂದುಂಟೆಂಬುದನ್ನೂ ಬಲ್ಲವರಾಗಿದ್ದರು. ವಿಜ್ಞಾನಿಗಳು ಅಳೆಯುವ ಅರಿವೂ ಶರಣರ ಅರಿವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಮನುಷ್ಯನನ್ನು ಅವನ ಮಾತಿನಿಂದಷ್ಟೇ ಅಳೆಯಬಾರದೆಂಬಲ್ಲಿ ಎರಡೂ ಒಂದಾಗುತ್ತವೆ. ಮಾತನಾಡಲಾಗದವರಿಗೆ ಸಭೆಯಲ್ಲಿ ಸ್ಥಾನವಿಲ್ಲವೆಂದರೆ ಮಂಟಪದ ಬಾಗಿಲನ್ನು ನಾವೇ ಮುಚ್ಚಿದಂತೆ.

ಪೂಜೆಯ ವಿಷಯದಲ್ಲಿಯೂ ಒಂದು ಮಾತು. ನುಡಿಯ ಜಾಲ ಎಡ ಮಿದುಳಿನಲ್ಲಿರುವುದರಿಂದ, ಎಡ ಮಿದುಳೇ ದೇಹದ ಬಲಭಾಗವನ್ನು ನಡೆಸುವುದರಿಂದ, ಮಾತು ಹೋದವರಲ್ಲಿ ಬಹುಮಂದಿಯ ಬಲಗೈ ಸ್ವಾಧೀನ ತಪ್ಪಿರುತ್ತದೆ, ಎಡಗೈ ಉಳಿದಿರುತ್ತದೆ. ನಾವು ಇಷ್ಟಲಿಂಗವನ್ನು ಇರಿಸಿಕೊಳ್ಳುವುದು ಎಡ ಅಂಗೈಯಲ್ಲಿ. ‘ಇನ್ನೇನು ಪೂಜೆ’ ಎಂದು ಕೈಬಿಡುವ ಬದಲು, ಅವರ ಎಡ ಕರಸ್ಥಲದಲ್ಲಿ ಲಿಂಗವನ್ನಿರಿಸಿ, ಬಲಗೈ ಮಾಡಬೇಕಾದ ಉಪಚಾರಕ್ಕೆ ಮಗನೋ ಸೊಸೆಯೋ ತಮ್ಮ ಕೈ ನೀಡಬಹುದು. ಕೆಲವರಿಗೆ ಕ್ರಿಯೆಗಳ ಕ್ರಮ ತಪ್ಪಬಹುದು. ತಾಳ್ಮೆಯಿಂದ ಜೊತೆಗಿದ್ದರೆ ಸಾಕು.

ಮಾಡಬೇಕಾದುದೇನು?

ಮೊದಲನೆಯದು, ತುರ್ತು. ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಅಸಂಬದ್ಧವಾದರೆ, ನಿಂತರೆ, ಮುಖ ಒಂದು ಕಡೆಗೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ದೃಷ್ಟಿ, ಗಾಳಿ ಎಂದು ಕಾಲ ಕಳೆಯಬಾರದು. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಾದರೆ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲಕ್ಷಣ ಆರಂಭವಾದ ವೇಳೆಯನ್ನು ಗುರುತಿಟ್ಟುಕೊಂಡು, ೧೦೮ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ನುಂಗುವ ಶಕ್ತಿ ಕೆಟ್ಟಿರಬಹುದಾದ್ದರಿಂದ ವೈದ್ಯರು ಪರೀಕ್ಷಿಸುವವರೆಗೆ ಅನ್ನ, ನೀರು, ಮಾತ್ರೆ ಯಾವುದನ್ನೂ, ಭಕ್ತಿಯಿಂದ ಪಾದೋದಕವನ್ನೂ ಸಹ ಬಾಯಿಗೆ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಾಪಾಯವಾಗಬಲ್ಲದು.

ಎರಡನೆಯದು, ಚಿಕಿತ್ಸೆ. ಕೈಕಾಲಿನ ವ್ಯಾಯಾಮಕ್ಕೆ ಓಡಾಡುವ ನಾವು ನುಡಿಯ ಚಿಕಿತ್ಸೆಯನ್ನು ಮರೆಯುತ್ತೇವೆ. ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ವೇಗವಾಗಿರುತ್ತದೆ, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ನುಡಿನಷ್ಟದಲ್ಲಿದ್ದ ನೂರೈವತ್ತಕ್ಕೂ ಹೆಚ್ಚು ಜನರಿಗೆ ಜರ್ಮನಿಯಲ್ಲಿ ಮೂರು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ತೀವ್ರ ವಾಕ್ ಚಿಕಿತ್ಸೆ ನೀಡಿದಾಗ ದಿನಬಳಕೆಯ ಮಾತು ಸುಧಾರಿಸಿದ್ದನ್ನು ೨೦೧೭ರ ಅಧ್ಯಯನ ತೋರಿಸಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಕನ್ನಡದಲ್ಲಿಯೇ ಪರೀಕ್ಷೆ ಮತ್ತು ಮಾರ್ಗದರ್ಶನ ಪಡೆಯಬಹುದು.

ಮೂರನೆಯದು, ಮಾತುಕತೆಯ ರೀತಿ. ಅವರೆದುರು ಕುಳಿತು ಕಣ್ಣಿಗೆ ಕಣ್ಣು ಕೂಡಿಸಿ ಮಾತನಾಡಬೇಕು. ದೂರದರ್ಶನ ಆರಿಸಬೇಕು. ಒಂದು ಬಾರಿಗೆ ಒಂದೇ ವಿಷಯ, ಚಿಕ್ಕ ವಾಕ್ಯ; ಆದರೆ ಮಗುವಿನೊಡನೆ ಆಡುವ ಮುದ್ದು ಮಾತು ಬೇಡ, ಏರುದನಿಯೂ ಬೇಡ, ಅವರ ಕಿವಿ ಕೆಟ್ಟಿಲ್ಲ. ಹೌದು ಅಲ್ಲವೆಂದು ಉತ್ತರಿಸಬಲ್ಲ ಪ್ರಶ್ನೆ ಕೇಳಬೇಕು. ಚಿತ್ರ, ಸನ್ನೆ, ಪಾಟಿ, ವಸ್ತು ಎಲ್ಲವನ್ನೂ ಬಳಸಬೇಕು. ಉತ್ತರಕ್ಕೆ ಕಾಯಬೇಕು. ತಿಳಿದದ್ದನ್ನು ‘ಹೀಗಲ್ಲವೇ?’ ಎಂದು ಮರಳಿ ಕೇಳಿ ದೃಢಪಡಿಸಿಕೊಳ್ಳಬೇಕು. ತಿಳಿಯದಿದ್ದರೆ ತಿಳಿದಂತೆ ನಟಿಸಬಾರದು. ಅವರು ಅದನ್ನು ಕಂಡುಹಿಡಿಯುತ್ತಾರೆಂಬುದನ್ನು ಮೇಲೆಯೇ ನೋಡಿದ್ದೇವೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ‘ನಮ್ಮ ತಂದೆಯವರಿಗೆ ನಿಜವಾಗಿಯೂ ಏನೂ ತಿಳಿಯುತ್ತಿಲ್ಲ, ಹೌದು ಎನ್ನಬೇಕಾದಲ್ಲಿ ಅಲ್ಲ ಎನ್ನುತ್ತಾರೆ’ ಎಂದು ಕೆಲವರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ವೆರ್ನಿಕೆ ವರ್ಣಿಸಿದ ಬಗೆಯಲ್ಲಿ ಮಾತಿನ ಗ್ರಹಿಕೆಯೇ ಕೆಟ್ಟಿರುತ್ತದೆ. ಹಾನಿ ವಿಸ್ತಾರವಾಗಿದ್ದರೆ, ಪಾರ್ಶ್ವವಾಯು ಮತ್ತೆ ಮತ್ತೆ ಆಗಿದ್ದರೆ, ಮರೆವಿನ ರೋಗ ಜೊತೆಗೂಡಿದ್ದರೆ ವಿಚಾರಶಕ್ತಿಯೂ ಕುಂದಬಹುದು. ನಾನು ಹೇಳುತ್ತಿರುವುದಿಷ್ಟೇ: ಎಷ್ಟು ಉಳಿದಿದೆ, ಎಷ್ಟು ಅಳಿದಿದೆ ಎಂಬುದನ್ನು ಪರೀಕ್ಷಿಸಿ ತಿಳಿಯಬೇಕು, ಮೌನವನ್ನು ನೋಡಿ ತೀರ್ಪು ಕೊಡಬಾರದು. ಆಸ್ತಿ, ಶಸ್ತ್ರಚಿಕಿತ್ಸೆಗಳಂತಹ ನಿರ್ಧಾರಗಳಲ್ಲಂತೂ ತಜ್ಞರ ಪರೀಕ್ಷೆಯಿಲ್ಲದೆ ಹೆಬ್ಬೆರಳು ಒತ್ತಿಸುವುದು ಅಧರ್ಮ. ಸಂದೇಹವಿದ್ದಾಗ ತಿಳಿಯುತ್ತದೆಂದೇ ಭಾವಿಸಿ ನಡೆದರೆ ಕಳೆದುಕೊಳ್ಳುವುದೇನೂ ಇಲ್ಲ. ತಿಳಿಯದೆಂದು ಭಾವಿಸಿ ನಡೆದರೆ ಎಚ್ಚರವಾಗಿರುವ ಮನುಷ್ಯರೊಬ್ಬರನ್ನು ಬದುಕಿರುವಾಗಲೇ ಸಭೆಯಿಂದ ಎಬ್ಬಿಸಿದಂತಾಗುತ್ತದೆ.

ಕೊನೆಯದಾಗಿ, ಮಠದ ಸದ್ಭಕ್ತರಲ್ಲಿ ಒಂದು ಅರಿಕೆ. ಕೆನಡಾದ ಟೊರಾಂಟೊದಲ್ಲಿ ಔರಾ ಕೇಗನ್ ಎಂಬ ವಾಕ್ ತಜ್ಞೆ, ನುಡಿನಷ್ಟವಿದ್ದವರೊಡನೆ ಸಂಭಾಷಿಸುವ ರೀತಿಯನ್ನು ಸಾಮಾನ್ಯ ಸ್ವಯಂಸೇವಕರಿಗೆ ಕಲಿಸಿ, ೨೦೦೧ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ತರಬೇತಿ ದೊರೆತದ್ದು ಸ್ವಯಂಸೇವಕರಿಗೆ ಮಾತ್ರ. ಆದರೂ ಅವರೊಡನೆ ಕುಳಿತ ರೋಗಿಗಳ ಸಂಭಾಷಣೆಯೂ ಉತ್ತಮಗೊಂಡಿತು. ಇದಕ್ಕೆ ಯಂತ್ರ ಬೇಕಿಲ್ಲ, ಹಣ ಹೆಚ್ಚು ಬೇಕಿಲ್ಲ. ಬೇಕಾದುದು ಸಮಯ ಮತ್ತು ಸಮಾಧಾನ. ಮಠದ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಮಧುಮೇಹಗಳ ತಪಾಸಣೆಯ ಜೊತೆಗೆ ವಾಕ್ ತಜ್ಞರೊಬ್ಬರನ್ನೂ ಕರೆಸಬಹುದು. ಅಕ್ಕನ ಬಳಗದ ಶರಣೆಯರು, ಯುವಕರು ಈ ರೀತಿಯನ್ನು ಕಲಿತು, ವಾರಕ್ಕೊಮ್ಮೆ ಅಂತಹ ಮನೆಗಳಿಗೆ ಹೋಗಿ ಅರ್ಧ ಗಂಟೆ ಕುಳಿತು ಬರಬಹುದು. ಅನ್ನ ನೀಡುವುದು ದಾಸೋಹವಾದರೆ ಕಿವಿಗೊಡುವುದೂ ದಾಸೋಹವೇ.

ಮುಂದಿನ ಅಮಾವಾಸ್ಯೆಗೆ ಮಠಕ್ಕೆ ಬಂದಾಗ ಗೋಡೆಗೆ ಒರಗಿ ಕುಳಿತ ಅಂತಹ ಹಿರಿಯರು ಕಂಡರೆ, ಅವರ ಎದುರು ಕುಳಿತು ಶರಣಾರ್ಥಿ ಹೇಳಿ. ಪಕ್ಕದವರು ಉತ್ತರಿಸಲು ಬಂದರೆ, ‘ತಡೀರಿ, ಅಜ್ಜಾರೇ ಹೇಳ್ಲಿ’ ಎನ್ನಿ. ಉತ್ತರ ಬರಲು ಹೊತ್ತಾಗಬಹುದು. ಅದು ಒಂದು ಉಲಿಯಾಗಿರಬಹುದು, ಎಡಗೈಯ ಒಂದು ಸನ್ನೆಯಾಗಿರಬಹುದು, ತುಂಬಿದ ಕಣ್ಣಾಗಿರಬಹುದು. ಅದಕ್ಕಾಗಿ ಕಾದು ಕುಳಿತುಕೊಳ್ಳಿ.